ಹೃದಯಾಘಾತದ ನಂತರ ಹಲ್ಲಿನ ಚಿಕಿತ್ಸೆ: ಯಾವಾಗ, ಹೇಗೆ, ಯಾವ ಎಚ್ಚರಿಕೆಯೊಂದಿಗೆ?

ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಹಲ್ಲುನೋವು ಬಂದರೆ, ಈ ಸ್ಥಿತಿಯಲ್ಲಿ ಹಲ್ಲಿಗೆ ಕೈ ಹಾಕಿಸಬಹುದೇ ಎಂಬ ಚಿಂತೆ ರೋಗಿಗೂ ಮನೆಯವರಿಗೂ ಒಟ್ಟಿಗೇ ಶುರುವಾಗುತ್ತದೆ. ಕೆಲವರು ಹೆದರಿ ದಂತವೈದ್ಯರ ಬಳಿ ಹೋಗುವುದನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ, ಔಷಧದಂಗಡಿಯಲ್ಲಿ ಸಿಕ್ಕ ನೋವಿನ ಮಾತ್ರೆ ನುಂಗುತ್ತಾ ದಿನ ತಳ್ಳುತ್ತಾರೆ. ಇನ್ನು ಕೆಲವರು, ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಲ್ಲದೇ ಹೋದೀತೆಂದು ಯಾರನ್ನೂ ಕೇಳದೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಿಬಿಡುತ್ತಾರೆ. ಎರಡೂ ತಪ್ಪು, ಆದರೆ ಎರಡನೆಯದು ಪ್ರಾಣಕ್ಕೇ ಎರವಾಗಬಲ್ಲದು.

ಮುಂಚಿತವಾಗಿ ಯೋಜಿಸಿಕೊಂಡರೆ ಹೃದಯದ ತೊಂದರೆ ಇರುವವರಿಗೂ ಬಹುಪಾಲು ಹಲ್ಲಿನ ಚಿಕಿತ್ಸೆಗಳನ್ನು ಸುರಕ್ಷಿತವಾಗಿ ಮಾಡಬಹುದು. ಇಲ್ಲಿ ಯೋಜನೆಯ ಮುಖ್ಯ ಭಾಗವೆಂದರೆ, ನಿಮ್ಮ ಹೃದ್ರೋಗ ತಜ್ಞರಿಗೆ ಗೊತ್ತಿರುವುದೆಲ್ಲವೂ ಚಿಕಿತ್ಸೆಗೆ ಮೊದಲೇ ನಿಮ್ಮ ದಂತವೈದ್ಯರಿಗೂ ಗೊತ್ತಾಗುವಂತೆ ನೋಡಿಕೊಳ್ಳುವುದು. ಮುಂದೆ ಹೇಳಿರುವುದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕ್ರಮ. ನಿಮ್ಮ ಹೃದಯದ ಸ್ಥಿತಿಯನ್ನು ನೋಡಿರುವ ವೈದ್ಯರು ಬೇರೆಯದನ್ನು ಹೇಳಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಮೊದಲ ಹೆಜ್ಜೆ: ನೋವು ಹಲ್ಲಿನದೇ ಎಂದು ಖಚಿತಪಡಿಸಿಕೊಳ್ಳಿ

ಹೃದಯಕ್ಕೆ ರಕ್ತ ಸಾಲದೇ ಹೋದಾಗ ಕೆಲವರಲ್ಲಿ ನೋವು ಎದೆಯಲ್ಲಿ ಕಾಣಿಸಿಕೊಳ್ಳದೆ ಕೆಳದವಡೆ, ಕುತ್ತಿಗೆ ಅಥವಾ ಗಂಟಲಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಅದನ್ನು ಹಲ್ಲುನೋವೆಂದು ಭಾವಿಸುವುದು ಸುಲಭ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಅಥವಾ ಉದ್ವೇಗಗೊಂಡಾಗ ಬಂದು, ಕೆಲವು ನಿಮಿಷ ಕುಳಿತರೆ ಕಡಿಮೆಯಾಗುವ ದವಡೆನೋವು ಹೃದಯದ್ದಾಗಿರುವ ಸಾಧ್ಯತೆ ಹೆಚ್ಚು. ಹಲ್ಲಿನ ನೋವಿನ ಲಕ್ಷಣವೇ ಬೇರೆ: ತಣ್ಣನೆಯದು, ಬಿಸಿಯದು, ಸಿಹಿ ತಗುಲಿದಾಗ ಜುಮ್ಮೆನ್ನುತ್ತದೆ, ಕಚ್ಚಿದಾಗ ಚುಚ್ಚುತ್ತದೆ, ಬೆರಳಿನಿಂದ ಬಡಿದರೆ ಇಂಥದೇ ಹಲ್ಲು ಎಂದು ತೋರಿಸಬಹುದು. ದವಡೆನೋವಿನ ಜೊತೆಗೆ ಬೆವರು, ಏದುಸಿರು, ಎದೆ ಹಿಂಡಿದಂತಾಗುವುದು, ವಾಕರಿಕೆ ಇವುಗಳಲ್ಲಿ ಯಾವುದೇ ಒಂದಿದ್ದರೂ ದಂತವೈದ್ಯರನ್ನು ಹುಡುಕುತ್ತಾ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಎರಡನೆಯ ಹೆಜ್ಜೆ: ಎಷ್ಟು ದಿನ ಕಾಯಬೇಕೆಂದು ನಿರ್ಧರಿಸಿ

ಹೃದಯಾಘಾತವಾದ ಮೇಲೆ ಆರು ತಿಂಗಳು ಹಲ್ಲಿಗೆ ಕೈ ಹಚ್ಚಬಾರದೆಂಬುದು ಬಹಳ ಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ, ಅದನ್ನು ತೆರೆದಿಡುವ ಸ್ಟೆಂಟ್ ಮತ್ತು ಹೊಸ ಔಷಧಗಳು ಬಂದ ಮೇಲೆ ಈ ಲೆಕ್ಕ ಬದಲಾಗಿದೆ. ಈಗ ಅವಧಿಯಷ್ಟೇ ಮುಖ್ಯವಾಗಿ ರೋಗಿಯ ಸದ್ಯದ ಸ್ಥಿತಿಯನ್ನೂ ನೋಡುತ್ತಾರೆ. ಮೊದಲ ನಾಲ್ಕರಿಂದ ಆರು ವಾರ ಹೃದಯದ ಸ್ನಾಯು ಗಾಯದಿಂದ ಮಾಯುತ್ತಿರುತ್ತದೆ, ಬಡಿತ ಏರುಪೇರಾಗುವ ಅಪಾಯವೂ ಇರುತ್ತದೆ. ಆದ್ದರಿಂದ ಈ ಅವಧಿಯಲ್ಲಿ ತುರ್ತಲ್ಲದ ಯಾವ ಚಿಕಿತ್ಸೆಯೂ ಬೇಡ. ಅಮೆರಿಕದ ಹೃದ್ರೋಗ ಸಂಘಟನೆಗಳ 2014ರ ಮಾರ್ಗಸೂಚಿ, ಆಂಜಿಯೋಪ್ಲಾಸ್ಟಿಯಾಗಲಿ ಬೈಪಾಸ್ ಆಗಲಿ ಆಗಿಲ್ಲದವರು ಹೃದಯಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗೆ ಹೃದಯಾಘಾತದ ನಂತರ ಕನಿಷ್ಠ 60 ದಿನ ಕಾಯುವುದು ಒಳ್ಳೆಯದೆಂದು ಹೇಳಿತ್ತು. ಹಲ್ಲು ಕೀಳುವುದು ಅಂಥ ಶಸ್ತ್ರಚಿಕಿತ್ಸೆಗಳಿಗಿಂತ ಬಹಳ ಚಿಕ್ಕದಾದರೂ, ಒಂದು ಅಳತೆಗೋಲಾಗಿ ಇದನ್ನು ನೆನಪಿಟ್ಟುಕೊಳ್ಳಬಹುದು.

ಸ್ಥಿತಿಯನ್ನು ಅಳೆಯಲು ವೈದ್ಯರು ಬಳಸುವ ಒಂದು ಸರಳ ಪ್ರಶ್ನೆಯಿದೆ: ಒಂದು ಮಹಡಿಯ ಮೆಟ್ಟಿಲುಗಳನ್ನು ಎದೆನೋವು, ಏದುಸಿರು, ತಲೆಸುತ್ತು ಇಲ್ಲದೆ ನಿಲ್ಲದೇ ಹತ್ತಬಲ್ಲಿರಾ? ಹತ್ತಬಲ್ಲವರು ಸಾಮಾನ್ಯ ಹಲ್ಲಿನ ಚಿಕಿತ್ಸೆಯ ಶ್ರಮವನ್ನು ತಾಳಿಕೊಳ್ಳುವ ಸಾಧ್ಯತೆ ಹೆಚ್ಚು. ಸುಮ್ಮನೆ ಕುಳಿತಿದ್ದಾಗಲೂ ಎದೆನೋವು ಬರುವವರು, ಕಾಲು ಊದಿಕೊಂಡು ಮಲಗಿದರೆ ಉಸಿರು ಕಟ್ಟುವವರು, ಹೃದಯ ಬಡಿತ ಹತೋಟಿಗೆ ಬಾರದವರು ಎಷ್ಟು ತಿಂಗಳು ಕಳೆದಿದ್ದರೂ ಮೊದಲು ಹೃದಯದ ಚಿಕಿತ್ಸೆಯನ್ನೇ ಸರಿಪಡಿಸಿಕೊಳ್ಳಬೇಕು.

ಮೊದಲ ವಾರಗಳಲ್ಲೇ ಕೀವು ತುಂಬಿ ಮುಖ ಊದಿಕೊಂಡರೆ? ಆಗ ಕಾಯುವುದೇ ಹೆಚ್ಚು ಅಪಾಯ. ತೀವ್ರ ನೋವು ಮತ್ತು ಸೋಂಕು ಎರಡೂ ಹೃದಯದ ಕೆಲಸವನ್ನು ಹೆಚ್ಚಿಸುತ್ತವೆ. ಇಂಥ ಸಂದರ್ಭದಲ್ಲಿ ಹೃದ್ರೋಗ ತಜ್ಞರೊಂದಿಗೆ ಮಾತಾಡಿ, ಸಾಧ್ಯವಾದರೆ ಹೃದಯ ಬಡಿತವನ್ನು ನಿರಂತರವಾಗಿ ಗಮನಿಸುವ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ, ನೋವು ಮತ್ತು ಸೋಂಕನ್ನು ತಗ್ಗಿಸಲು ಬೇಕಾದಷ್ಟನ್ನು ಮಾತ್ರ ಮಾಡಿಸಿಕೊಳ್ಳಬೇಕು. ಕೀವು ಹೊರಬಿಡುವುದು, ಹಲ್ಲಿನ ನರದ ಭಾಗವನ್ನು ತೆರೆದು ಒತ್ತಡ ಇಳಿಸುವುದು, ಅನಿವಾರ್ಯವಾದರೆ ಒಂದು ಹಲ್ಲು ಕೀಳುವುದು ಇಷ್ಟೇ ಸಾಕು. ಕ್ಯಾಪ್, ಸೇತುವೆ ಹಲ್ಲು, ಇಂಪ್ಲಾಂಟ್ ಮುಂತಾದವು ಕಾಯಬಲ್ಲವು.

ಮೂರನೆಯ ಹೆಜ್ಜೆ: ಕಾಗದಪತ್ರಗಳನ್ನು ಸಿದ್ಧಪಡಿಸಿ, ಇಬ್ಬರು ವೈದ್ಯರನ್ನು ಮಾತಾಡಿಸಿ

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶಪತ್ರ, ಇತ್ತೀಚಿನ ಇಸಿಜಿ ಮತ್ತು ಎಕೋ ವರದಿ, ಸ್ಟೆಂಟ್ ಹಾಕಿದ್ದರೆ ಅದರ ಕಾರ್ಡ್, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಇವಿಷ್ಟನ್ನೂ ದಂತವೈದ್ಯರ ಮೊದಲ ಭೇಟಿಗೇ ಒಯ್ಯಿರಿ. ಪಟ್ಟಿ ಬರೆಯಲು ಕಷ್ಟವಾದರೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ತುಂಬಿಕೊಂಡು ಹೋಗಬಹುದು. ಬೆಳಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಗುಲಾಬಿ ಮಾತ್ರೆ ಎಂಬ ವಿವರಣೆಯಿಂದ ದಂತವೈದ್ಯರಿಗೆ ಏನೂ ತಿಳಿಯುವುದಿಲ್ಲ.

ದಂತವೈದ್ಯರು ಹೃದ್ರೋಗ ತಜ್ಞರಿಗೆ ಒಂದು ಪತ್ರ ಬರೆದು ಕೊಡುವುದು ವಾಡಿಕೆ. ಅದಕ್ಕೆ ಉತ್ತರವಾಗಿ ಬರುವ 'ಹಲ್ಲಿನ ಚಿಕಿತ್ಸೆಗೆ ಅಡ್ಡಿಯಿಲ್ಲ' ಎಂಬ ಒಂದೇ ಸಾಲಿನ ಚೀಟಿ ನನ್ನ ದೃಷ್ಟಿಯಲ್ಲಿ ಬಹಳ ಕಡಿಮೆ ಉಪಯೋಗದ್ದು, ಏಕೆಂದರೆ ಯಾವ ಚಿಕಿತ್ಸೆ, ಎಷ್ಟು ರಕ್ತಸ್ರಾವ ಎಂಬುದು ಅದನ್ನು ಬರೆದವರಿಗೆ ತಿಳಿದಿರುವುದಿಲ್ಲ. ದಂತವೈದ್ಯರ ಪತ್ರ ನಿರ್ದಿಷ್ಟವಾಗಿರಬೇಕು: 'ಕೆಳಗಿನ ಎರಡು ದವಡೆ ಹಲ್ಲುಗಳನ್ನು ಸ್ಥಳೀಯ ಅರಿವಳಿಕೆಯಲ್ಲಿ ಕೀಳಬೇಕಾಗಿದೆ, ರಕ್ತಸ್ರಾವವನ್ನು ಸ್ಥಳದಲ್ಲೇ ನಿಲ್ಲಿಸುವ ವ್ಯವಸ್ಥೆಯಿದೆ, ಮಾತ್ರೆಗಳನ್ನು ನಿಲ್ಲಿಸುವ ಉದ್ದೇಶವಿಲ್ಲ, ಹೃದಯಾಘಾತದ ದಿನಾಂಕ, ಸ್ಟೆಂಟ್‌ನ ಬಗೆ, ಹೃದಯದ ಸದ್ಯದ ಸಾಮರ್ಥ್ಯ ಮತ್ತು ನಿಮ್ಮ ವಿಶೇಷ ಸೂಚನೆಗಳನ್ನು ತಿಳಿಸಿ.' ಹೀಗೆ ಕೇಳಿದರೆ ಉತ್ತರವೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ.

ನಾಲ್ಕನೆಯ ಹೆಜ್ಜೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ. ಹೃದಯಾಘಾತದ ನಂತರ ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಸುಗ್ರೆಲ್ ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಸ್ಟೆಂಟ್ ಎಂಬುದು ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ರಕ್ತನಾಳದ ಒಳಪೊರೆ ಪೂರ್ತಿ ಬೆಳೆದು ಮುಚ್ಚುವವರೆಗೆ, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಅದಕ್ಕೆ ಅಂಟಿಕೊಂಡು ನಾಳವನ್ನು ಹಠಾತ್ತನೆ ಮುಚ್ಚಿಬಿಡುವ ಅಪಾಯ ಇದ್ದೇ ಇರುತ್ತದೆ. ಹಾಗೆ ಮುಚ್ಚಿಕೊಂಡರೆ ಮತ್ತೊಂದು ಹೃದಯಾಘಾತವಾಗುತ್ತದೆ, ಅದರಲ್ಲಿ ಸಾವಿನ ಸಂಭವವೂ ಹೆಚ್ಚು. ಮಾತ್ರೆಗಳನ್ನು ಅವಧಿಗೆ ಮುನ್ನ ನಿಲ್ಲಿಸುವುದು ಇದಕ್ಕೆ ಪ್ರಮುಖ ಕಾರಣಗಳಲ್ಲೊಂದೆಂದು ಕಂಡುಬಂದ ಮೇಲೆ, 2007ರಲ್ಲಿ ಅಮೆರಿಕದ ಹೃದ್ರೋಗ ಸಂಘಟನೆಗಳು ಅಲ್ಲಿನ ದಂತವೈದ್ಯರ ಸಂಘದೊಂದಿಗೆ ಸೇರಿ, ಹಲ್ಲಿನ ಚಿಕಿತ್ಸೆಗೆಂದು ಇವನ್ನು ನಿಲ್ಲಿಸಬಾರದೆಂದು ಜಂಟಿ ಎಚ್ಚರಿಕೆ ನೀಡಿದವು.

ಒಂದೆರಡು ದಿನ ನಿಲ್ಲಿಸಿದರೆ ಏನು ಮಹಾ ಎಂಬ ಭಾವನೆಯೂ ಸರಿಯಲ್ಲ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಕಿರುಬಿಲ್ಲೆಗಳ ಮೇಲೆ ಬೀರುವ ಪರಿಣಾಮ ಆ ಕಿರುಬಿಲ್ಲೆ ಬದುಕಿರುವವರೆಗೆ, ಅಂದರೆ ಏಳರಿಂದ ಹತ್ತು ದಿನ ಉಳಿಯುತ್ತದೆ. ಹಾಗಾಗಿ ಹಿಂದಿನ ದಿನ ಮಾತ್ರೆ ಬಿಟ್ಟವರಿಗೆ ರಕ್ತಸ್ರಾವವೇನೂ ಕಡಿಮೆಯಾಗುವುದಿಲ್ಲ, ಚಿಕಿತ್ಸೆಯ ಶಿಸ್ತು ಮಾತ್ರ ತಪ್ಪುತ್ತದೆ. ವಾರಗಟ್ಟಲೆ ಬಿಟ್ಟವರು ಸ್ಟೆಂಟ್ ಅನ್ನು ರಕ್ಷಣೆಯಿಲ್ಲದೆ ಬಿಟ್ಟಂತಾಗುತ್ತದೆ.

ಹಲ್ಲು ಕಿತ್ತ ಗುಳಿಯಿಂದ ಬರುವ ರಕ್ತವಾದರೋ ಕಣ್ಣಿಗೆ ಕಾಣುವ, ಕೈಗೆ ಎಟಕುವ ಜಾಗದ್ದು. ದಂತವೈದ್ಯರು ಮೊದಲು ಗುಳಿಯಲ್ಲಿ ಉಳಿದಿರುವ ಸೋಂಕಿನ ಊತಕವನ್ನು ಕೆರೆದು ತೆಗೆಯುತ್ತಾರೆ, ಏಕೆಂದರೆ ಅದು ಉಳಿದರೆ ರಕ್ತ ಜಿನುಗುತ್ತಲೇ ಇರುತ್ತದೆ. ಬಳಿಕ ಎರಡೂ ಬದಿಯ ಎಲುಬನ್ನು ಬೆರಳುಗಳಿಂದ ಒತ್ತಿ, ಗುಳಿಯೊಳಗೆ ತಾನಾಗಿ ಕರಗುವ ಜೆಲಟಿನ್ ಸ್ಪಂಜು ಅಥವಾ ಆಕ್ಸಿಡೈಸ್ಡ್ ಸೆಲ್ಯುಲೋಸ್ ತುಂಡನ್ನು ಇಟ್ಟು, ವಸಡಿನ ಅಂಚುಗಳನ್ನು ಹತ್ತಿರ ತಂದು ಹೊಲಿಗೆ ಹಾಕಿ, ಮೇಲೆ ಗಾಜ್ ಬಟ್ಟೆಯ ಮಡಿಕೆಯನ್ನಿಟ್ಟು ಕಚ್ಚಿಸುತ್ತಾರೆ. ಬೇಕಾದರೆ ಆ ಬಟ್ಟೆಯನ್ನು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಇಡುತ್ತಾರೆ. ಎರಡು ಮಾತ್ರೆಗಳನ್ನು ಒಟ್ಟಿಗೆ ಸೇವಿಸುತ್ತಿರುವವರಲ್ಲೂ ರಕ್ತ ತುಸು ಹೆಚ್ಚು ಹೊತ್ತು ಜಿನುಗಬಹುದೇ ಹೊರತು, ಇಷ್ಟು ಮಾಡಿದಾಗ ಸಾಮಾನ್ಯವಾಗಿ ನಿಲ್ಲುತ್ತದೆ. ಹಲವು ಹಲ್ಲುಗಳನ್ನು ಕೀಳಬೇಕಿದ್ದರೆ ಒಂದೇ ದಿನ ಎಲ್ಲವನ್ನೂ ಮುಗಿಸದೆ, ಒಮ್ಮೆಗೆ ಒಂದೆರಡರಂತೆ ಮೊದಲನೆಯ ಗಾಯ ಹೇಗೆ ಮಾಯುತ್ತದೆಂದು ನೋಡಿಕೊಂಡು ಮುಂದುವರಿಯುವುದು ಕ್ಷೇಮ. ತುರ್ತಲ್ಲದ ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಎರಡು ಮಾತ್ರೆಗಳ ಅವಧಿ ಮುಗಿಯುವವರೆಗೆ ಮುಂದೂಡಬಹುದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಬಗೆಯ ಮಾತ್ರೆಯಾದ ವಾರ್ಫರಿನ್ ಸೇವಿಸುವವರ ವಿಷಯ ಸ್ವಲ್ಪ ಬೇರೆ. ಚಿಕಿತ್ಸೆಗೆ ಹಿಂದಿನ 24 ಗಂಟೆಯೊಳಗೆ, ಮೊದಲಿನಿಂದಲೂ ಅಂಕಿ ಸ್ಥಿರವಾಗಿದ್ದವರಾದರೆ 72 ಗಂಟೆಯೊಳಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐ.ಎನ್.ಆರ್. ಪರೀಕ್ಷೆ ಮಾಡಿಸಿರಬೇಕು. ಅಂಕಿ 4ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ನಿಲ್ಲಿಸದೆಯೇ ಸರಳವಾಗಿ ಹಲ್ಲು ಕೀಳಬಹುದೆಂದು ಬ್ರಿಟನ್ನಿನ ಮಾರ್ಗಸೂಚಿಗಳು ಹೇಳುತ್ತವೆ. ಹಲವು ದಂತವೈದ್ಯರು ಇನ್ನೂ ಕೆಳಗಿನ ಮಿತಿಯನ್ನು ಪಾಲಿಸುತ್ತಾರೆ. ಅಪಿಕ್ಸಾಬ್ಯಾನ್, ರಿವರಾಕ್ಸಾಬ್ಯಾನ್, ಡಾಬಿಗಾಟ್ರಾನ್ ಮುಂತಾದ ಹೊಸ ಮಾತ್ರೆಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ರಕ್ತಸ್ರಾವ ಹೆಚ್ಚಾಗುವ ಚಿಕಿತ್ಸೆಯಿದ್ದರೆ ಆ ದಿನ ಬೆಳಗಿನ ಮಾತ್ರೆಯನ್ನು ಬಿಡಬೇಕೇ, ತಡವಾಗಿ ತೆಗೆದುಕೊಳ್ಳಬೇಕೇ ಎಂಬುದನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಐದನೆಯ ಹೆಜ್ಜೆ: ಮುಂಜಾಗ್ರತೆಯ ಆ್ಯಂಟಿಬಯಾಟಿಕ್ ಬೇಕೇ ಎಂದು ಕೇಳಿ ತಿಳಿಯಿರಿ

ಹೃದಯಾಘಾತ, ಸ್ಟೆಂಟ್, ಬೈಪಾಸ್ ಇವುಗಳ ಕಾರಣಕ್ಕೆ ಮಾತ್ರ ಹಲ್ಲಿನ ಚಿಕಿತ್ಸೆಗೆ ಮೊದಲು ಆ್ಯಂಟಿಬಯಾಟಿಕ್ ಸೇವಿಸುವ ಅಗತ್ಯವಿಲ್ಲ. ಕೃತಕ ಕವಾಟ ಅಳವಡಿಸಿಕೊಂಡವರು, ಹಿಂದೆ ಹೃದಯದ ಒಳಪೊರೆಗೆ ಸೋಂಕು ತಗುಲಿದವರು, ಹುಟ್ಟಿನಿಂದ ಬಂದ ಕೆಲವು ಬಗೆಯ ಹೃದಯದೋಷ ಇರುವವರು ಮುಂತಾದ ಕೆಲವರಿಗೆ ಮಾತ್ರ ಅದು ಬೇಕಾಗುತ್ತದೆ.

ಆರನೆಯ ಹೆಜ್ಜೆ: ಚಿಕಿತ್ಸೆಯ ದಿನದ ಸಿದ್ಧತೆ

ಬೆಳಗಿನ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ, ಹಗುರವಾಗಿ ಆಹಾರ ಸೇವಿಸಿ. ಸಕ್ಕರೆ ಕಾಯಿಲೆಯೂ ಇರುವವರು ಖಾಲಿ ಹೊಟ್ಟೆಯಲ್ಲಿ ಹೋಗಲೇಬಾರದು. ಹೃದಯಾಘಾತಗಳು ನಸುಕು ಮತ್ತು ಮುಂಜಾನೆಯ ಹೊತ್ತಿನಲ್ಲಿ ಹೆಚ್ಚಾಗಿ ಸಂಭವಿಸುವುದರಿಂದ, ಬೆಳಗ್ಗೆ ಹತ್ತರ ನಂತರದ ಅಥವಾ ಮಧ್ಯಾಹ್ನದ ಆರಂಭದ ಸಮಯವನ್ನು ಕೇಳಿ ಪಡೆಯುವುದು ಒಳ್ಳೆಯದು. ಒಂದು ಭೇಟಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯುವಂತಿರಲಿ. ಉದ್ದನೆಯ ಒಂದೇ ಭೇಟಿಗಿಂತ ಚಿಕ್ಕ ಚಿಕ್ಕ ಎರಡು ಮೂರು ಭೇಟಿಗಳು ಲೇಸು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆ ಅಥವಾ ಸ್ಪ್ರೇಯನ್ನು ವೈದ್ಯರು ಕೊಟ್ಟಿದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡು, ಅವಧಿ ಮುಗಿದಿಲ್ಲವೆಂದು ಹಿಂದಿನ ದಿನವೇ ನೋಡಿಕೊಳ್ಳಿ. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಮಾತ್ರೆಗಳಾದ ಸಿಲ್ಡೆನಾಫಿಲ್ ಸೇವಿಸಿ 24 ಗಂಟೆ ಅಥವಾ ಟಡಾಲಾಫಿಲ್ ಸೇವಿಸಿ 48 ಗಂಟೆ ಕಳೆದಿಲ್ಲದಿದ್ದರೆ ನೈಟ್ರೋಗ್ಲಿಸರಿನ್ ಬಳಸಬಾರದು, ಏಕೆಂದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಈ ಮಾತ್ರೆಗಳ ವಿಷಯವನ್ನು ಹೇಳಿಕೊಳ್ಳಲು ಸಂಕೋಚ ಬೇಡ. ವೈದ್ಯರಿಗೆ ಇದು ಉಳಿದ ಔಷಧಗಳಂತೆಯೇ ಒಂದು ಮಾಹಿತಿ. ಜೊತೆಗೆ ಒಬ್ಬರು ಇರಲಿ.

ಕುರ್ಚಿಯಲ್ಲಿ ಕುಳಿತ ಮೇಲೆ ಮೊದಲು ನಾಡಿ ಮತ್ತು ರಕ್ತದೊತ್ತಡ ನೋಡಬೇಕು. ನೋಡದೆಯೇ ಶುರುಮಾಡಲು ಹೊರಟರೆ ನೀವೇ ಕೇಳಿ. ಒತ್ತಡ 180/110ಕ್ಕಿಂತ ಹೆಚ್ಚಿದ್ದರೆ ತುರ್ತಲ್ಲದ ಚಿಕಿತ್ಸೆಯನ್ನು ಮುಂದೂಡಬೇಕು. ಅಂದು ಬೆಳಗ್ಗೆಯಿಂದ ಎದೆಯಲ್ಲಿ ಏನಾದರೂ ಅಸ್ವಸ್ಥತೆ ಇದ್ದರೆ, ಅದು ಎಷ್ಟೇ ಸಣ್ಣದೆನಿಸಿದರೂ, ಮುಚ್ಚಿಡದೆ ಹೇಳಿ.

ಏಳನೆಯ ಹೆಜ್ಜೆ: ಮರಗಟ್ಟಿಸುವ ಇಂಜೆಕ್ಷನ್ ಮತ್ತು ಅಡ್ರಿನಲಿನ್

ಹಲ್ಲನ್ನು ಮರಗಟ್ಟಿಸುವ ಔಷಧಕ್ಕೆ ಸಾಮಾನ್ಯವಾಗಿ, ಹೃದಯದ ಬಡಿತವನ್ನು ಹೆಚ್ಚಿಸಬಲ್ಲ ಅಡ್ರಿನಲಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಅದು ಸುತ್ತಲಿನ ರಕ್ತನಾಳಗಳನ್ನು ಕಿರಿದಾಗಿಸಿ, ಔಷಧ ಹೆಚ್ಚು ಹೊತ್ತು ಅಲ್ಲೇ ನಿಲ್ಲುವಂತೆ ಮಾಡುತ್ತದೆ. ಹೃದಯದ ರೋಗಿಗಳಿಗೆ ಅಡ್ರಿನಲಿನ್ ಕೂಡದೇ ಕೂಡದೆಂಬ ನಂಬಿಕೆ ವ್ಯಾಪಕವಾಗಿದ್ದರೂ ವಿಷಯ ಅಷ್ಟು ಸರಳವಾಗಿಲ್ಲ. ಅರೆಬರೆ ಮರಗಟ್ಟಿದ ಹಲ್ಲಿಗೆ ಕೈ ಹಾಕಿದಾಗ ನೋವಿನಿಂದ ದೇಹವೇ ಬಿಡುಗಡೆ ಮಾಡುವ ಅಡ್ರಿನಲಿನ್, ಇಂಜೆಕ್ಷನ್‌ನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಲ್ಲದು. ಆದ್ದರಿಂದ ಸ್ಥಿರ ಸ್ಥಿತಿಯಲ್ಲಿರುವವರಿಗೆ ಒಂದು ಭೇಟಿಯಲ್ಲಿ ಒಟ್ಟು 0.04 ಮಿಲಿಗ್ರಾಂ ಮೀರದಂತೆ ಅಡ್ರಿನಲಿನ್ ಬಳಸಬಹುದೆಂಬುದು ದಂತವೈದ್ಯಕೀಯದಲ್ಲಿ ಒಪ್ಪಿತವಾದ ಮಿತಿ. ಒಂದು ಲಕ್ಷಕ್ಕೆ ಒಂದು ಭಾಗದ ಸಾಂದ್ರತೆಯ, 1.8 ಮಿಲಿಲೀಟರ್ ಔಷಧವಿರುವ ಒಂದು ಕಾರ್ಟ್ರಿಡ್ಜ್‌ನಲ್ಲಿ 0.018 ಮಿಲಿಗ್ರಾಂ ಇರುತ್ತದೆ. ಅಂದರೆ ಸುಮಾರು ಎರಡು ಕಾರ್ಟ್ರಿಡ್ಜ್. ಎರಡು ಲಕ್ಷಕ್ಕೆ ಒಂದರ ಸಾಂದ್ರತೆಯದಾದರೆ ನಾಲ್ಕು. ಸ್ಥಿತಿ ಇನ್ನೂ ಸ್ಥಿರವಾಗಿಲ್ಲದವರಿಗೆ, ಮೊದಲ ವಾರಗಳಲ್ಲಿ ತುರ್ತಾಗಿ ಬಂದವರಿಗೆ ಅಡ್ರಿನಲಿನ್ ಇಲ್ಲದ 3 ಶೇಕಡಾ ಮೆಪಿವಕೇನ್‌ನಂಥ ಔಷಧವನ್ನು ಆರಿಸಿಕೊಳ್ಳುತ್ತಾರೆ.

ಪ್ರಮಾಣದಷ್ಟೇ ಮುಖ್ಯವಾದದ್ದು ಕೊಡುವ ರೀತಿ. ಸೂಜಿ ಚುಚ್ಚಿದ ಮೇಲೆ ಸಿರಿಂಜನ್ನು ತುಸು ಹಿಂದಕ್ಕೆಳೆದು, ರಕ್ತ ಬರುತ್ತದೆಯೇ ಎಂದು ನೋಡಬೇಕು. ಬಂದರೆ ಸೂಜಿಯ ತುದಿ ರಕ್ತನಾಳದೊಳಗಿದೆ ಎಂದರ್ಥ, ಅಲ್ಲಿ ಔಷಧ ಬಿಡಬಾರದು. ರಕ್ತ ಕಾಣದಿದ್ದರೆ ನಿಧಾನವಾಗಿ, ಒಂದು ಕಾರ್ಟ್ರಿಡ್ಜ್‌ಗೆ ಒಂದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಔಷಧ ಬಿಟ್ಟು, ಪೂರ್ತಿ ಮರಗಟ್ಟುವವರೆಗೆ ಕಾಯಬೇಕು. ಹೃದಯ ಬಡಿತ ತಗ್ಗಿಸುವ, ಪ್ರೊಪ್ರನಾಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಅಡ್ರಿನಲಿನ್‌ನಿಂದ ರಕ್ತದೊತ್ತಡ ಏರಬಹುದು, ಹೀಗಾಗಿ ಮಾತ್ರೆಗಳ ಪಟ್ಟಿ ಇಲ್ಲಿಯೂ ಬೇಕು. ಚಿಕಿತ್ಸೆಯ ನಡುವೆ ನೋವಾದರೆ ಸಹಿಸಿಕೊಳ್ಳದೆ ಕೈ ಎತ್ತಿ. ಸಹನೆ ತೋರಿಸಬೇಕಾದ ಜಾಗ ಇದಲ್ಲ.

ಎಂಟನೆಯ ಹೆಜ್ಜೆ: ಕುರ್ಚಿಯಲ್ಲಿ ಎದೆನೋವು ಬಂದರೆ

ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಒರಗಿಸದೆ ಅರೆ ಒರಗಿದ ಭಂಗಿಯಲ್ಲಿಡಲು ಕೇಳಿಕೊಳ್ಳಿ. ಹೃದಯ ದುರ್ಬಲವಾಗಿರುವವರಿಗೆ ಚಪ್ಪಟೆಯಾಗಿ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಎದೆನೋವು ಬಂದರೆ ದಂತವೈದ್ಯರು ಕೆಲಸ ನಿಲ್ಲಿಸಿ, ಬಾಯಲ್ಲಿರುವ ಹತ್ತಿ, ಉಪಕರಣಗಳನ್ನೆಲ್ಲ ತೆಗೆದು, ಕುಳಿತ ಭಂಗಿಗೆ ತಂದು, ರಕ್ತದೊತ್ತಡ ತೀರ ಕಡಿಮೆಯಿಲ್ಲವೆಂದು ನೋಡಿ ನೈಟ್ರೋಗ್ಲಿಸರಿನ್ ಅನ್ನು ನಾಲಿಗೆಯಡಿ ಕೊಡಬೇಕು. ಐದು ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ, ಅಥವಾ ಮೊದಲಿನ ಹೃದಯಾಘಾತದಂತೆಯೇ ಅನ್ನಿಸಿದರೆ, ಅದನ್ನು ಹೃದಯಾಘಾತವೆಂದೇ ಪರಿಗಣಿಸಿ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ಅಲರ್ಜಿ ಇಲ್ಲದಿದ್ದರೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಿಸುತ್ತಾರೆ. ಅಗಿದಾಗ ಅದು ಬೇಗ ರಕ್ತಕ್ಕೆ ಸೇರುತ್ತದೆ. ಪ್ರಜ್ಞೆ ತಪ್ಪಿ ಉಸಿರಾಟ ಸಹಜವಾಗಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ, ವಿದ್ಯುತ್ ಆಘಾತ ನೀಡಿ ಹೃದಯದ ಬಡಿತ ಸರಿಪಡಿಸುವ ಎಇಡಿ ಯಂತ್ರವಿದ್ದರೆ ತಕ್ಷಣ ಬಳಸಬೇಕು. ಚಿಕಿತ್ಸೆಗೆ ಮುನ್ನವೇ ಆ ಕ್ಲಿನಿಕ್‌ನಲ್ಲಿ ಆಮ್ಲಜನಕ, ತುರ್ತು ಔಷಧಗಳು ಇವೆಯೇ ಎಂದು ವಿಚಾರಿಸುವುದು ಅವಿನಯವಲ್ಲ. ಸಿದ್ಧತೆಯಿರುವ ವೈದ್ಯರು ಸಂತೋಷದಿಂದಲೇ ತೋರಿಸುತ್ತಾರೆ.

ಎಲ್ಲವೂ ಸುಗಮವಾಗಿ ಮುಗಿದ ಮೇಲೆ ಥಟ್ಟನೆ ಎದ್ದು ನಿಲ್ಲಬೇಡಿ. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಹಾಗೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವ ಸಂಭವವಿದೆ. ಕುರ್ಚಿ ನೆಟ್ಟಗಾದ ಮೇಲೆ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು, ಬಳಿಕ ಏಳಿ.

ಒಂಬತ್ತನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಿ. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದು, ರಭಸವಾಗಿ ಉಗುಳುವುದು, ಬಿಸಿ ಪಾನೀಯ, ಕೊಳವೆಯಿಂದ ಹೀರುವುದು ಬೇಡ. ಇವೆಲ್ಲ ಗುಳಿಯಲ್ಲಿ ಕಟ್ಟಿದ ಹೆಪ್ಪನ್ನು ಕೀಳುತ್ತವೆ. ಎಂಜಲಿನಲ್ಲಿ ತುಸು ಕೆಂಪು ಬೆರೆತಿರುವುದು ಸಹಜ. ಬಾಯಿ ತುಂಬುವಷ್ಟು ರಕ್ತ ಬಂದರೆ ಹೊಸ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಗುಳಿಯ ಮೇಲೆಯೇ ಕೂರುವಂತಿಟ್ಟು 20ರಿಂದ 30 ನಿಮಿಷ ತೆಗೆಯದೆ ಕಚ್ಚಬೇಕು. ಆಗಲೂ ನಿಲ್ಲದಿದ್ದರೆ ದಂತವೈದ್ಯರಿಗೆ ಕರೆ ಮಾಡಿ, ಸಿಗದಿದ್ದರೆ ಆಸ್ಪತ್ರೆಗೆ ಹೋಗಿ. ಮನೆಯವರು ಹೆದರಿ ಅಂದಿನ ರಾತ್ರಿಯ ಕ್ಲೋಪಿಡೋಗ್ರೆಲ್ ತಪ್ಪಿಸಿಬಿಡುವುದು ಇಂಥ ಹೊತ್ತಿನಲ್ಲೇ. ವೈದ್ಯರು ಹೇಳದೆ ಅದನ್ನು ತಪ್ಪಿಸಬಾರದು.

ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ ಆಯ್ಕೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳು ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತವೆಂಬುದು ನಿಜವಾದರೂ, ಹೃದಯಾಘಾತ ಆದವರಲ್ಲಿ ಅವು ಮತ್ತೊಂದು ಆಘಾತದ ಮತ್ತು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ; ಐಬುಪ್ರೊಫೇನ್ ಅಂತೂ ಆಸ್ಪಿರಿನ್ ಮಾಡುವ ರಕ್ಷಣೆಯ ಕೆಲಸಕ್ಕೇ ಅಡ್ಡ ಬರಬಲ್ಲದು. ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಅದು ಉಳಿದ ಮಾತ್ರೆಗಳಿಗೆ ಹೊಂದುತ್ತದೆಯೇ ಎಂದು ಕೇಳಿ. ಕ್ಲಾರಿತ್ರೋಮೈಸಿನ್ ಅನ್ನು ಕೊಲೆಸ್ಟರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್, ಅಟಾರ್ವಾಸ್ಟಾಟಿನ್ ಜೊತೆ ಸೇವಿಸಿದರೆ ಸ್ನಾಯುಗಳಿಗೆ ಹಾನಿಯಾಗಬಹುದು. ಮೆಟ್ರೊನಿಡಜೋಲ್ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಬಾಯಿಹುಣ್ಣಿನ ಶಿಲೀಂಧ್ರ ಸೋಂಕಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ವಾರ್ಫರಿನ್ ವಿಷಯದಲ್ಲಿ ಹಾಗೆಯೇ ವರ್ತಿಸುತ್ತದೆ, ಬಾಯಿಗೆ ಹಚ್ಚುವುದಷ್ಟೇ ತಾನೇ ಎಂದು ಅದನ್ನು ಹಗುರವಾಗಿ ಕಾಣಬಾರದು.

ಮುಂದಿನ ತಿಂಗಳುಗಳಲ್ಲಿ

ಹಲ್ಲುಜ್ಜುವಾಗ ರಕ್ತ ಬರುತ್ತದೆಂದು ಉಜ್ಜುವುದನ್ನೇ ಬಿಡುವವರಿದ್ದಾರೆ. ಉಜ್ಜದಿದ್ದರೆ ಪಾಚಿ ಕಟ್ಟಿ ವಸಡು ಇನ್ನಷ್ಟು ಊದಿ ರಕ್ತ ಹೆಚ್ಚಾಗುತ್ತದೆ; ಮೆದು ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಉಜ್ಜುತ್ತಾ ಹೋದರೆ ಊತ ಇಳಿದು ರಕ್ತವೂ ಕಡಿಮೆಯಾಗುತ್ತದೆ. ವಸಡಿನ ಕಾಯಿಲೆಗೂ ಹೃದಯದ ಕಾಯಿಲೆಗೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆಯಾದರೂ, ಒಂದು ಇನ್ನೊಂದಕ್ಕೆ ಕಾರಣವೆಂದು ಸಾಬೀತಾಗಿಲ್ಲವೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಆ ಚರ್ಚೆ ಏನೇ ಇರಲಿ, ಸೋಂಕಿಲ್ಲದ ಬಾಯಿಯಿರುವವರಿಗೆ ತುರ್ತಾಗಿ ಹಲ್ಲು ಕೀಳಿಸಿಕೊಳ್ಳುವ ಸಂದರ್ಭ ಬರುವುದು ವಿರಳ. ರಕ್ತದೊತ್ತಡದ ಮಾತ್ರೆಗಳಾದ ಆಮ್ಲೋಡಿಪಿನ್, ನಿಫೆಡಿಪಿನ್ ಸೇವಿಸುವವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚತೊಡಗಬಹುದು, ಮೂತ್ರವರ್ಧಕ ಮಾತ್ರೆಗಳಿಂದ ಬಾಯಿ ಒಣಗಿ ಹುಳುಕು ಬೇಗ ಹರಡಬಹುದು. ಇವೆರಡರಲ್ಲಿ ಯಾವುದು ಕಂಡರೂ ಮಾತ್ರೆ ಬಿಡದೆ ದಂತವೈದ್ಯರಿಗೆ ತೋರಿಸಿ. ಬದಲಿಸಬೇಕಿದ್ದರೆ ಹೃದ್ರೋಗ ತಜ್ಞರು ಬದಲಿಸಿಕೊಡುತ್ತಾರೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಹಲ್ಲು ಸ್ವಚ್ಛಗೊಳಿಸುವ ಯಂತ್ರ ಬಳಸುವ ಮೊದಲೇ ಆ ವಿಷಯ ತಿಳಿಸಬೇಕು, ಏಕೆಂದರೆ ಹಳೆಯ ಬಗೆಯ ಕೆಲವು ಯಂತ್ರಗಳನ್ನು ಅಂಥವರ ಹತ್ತಿರ ಬಳಸದಿರುವುದು ಕ್ಷೇಮ. ಪ್ರತಿ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವಾಗ ಹೃದ್ರೋಗ ತಜ್ಞರು ಇತ್ತೀಚೆಗೆ ಬದಲಿಸಿದ ಮಾತ್ರೆಗಳ ಹೊಸ ಪಟ್ಟಿಯನ್ನು ಒಯ್ದು, ದಂತವೈದ್ಯರ ಬಳಿಯಿರುವ ಹಳೆಯ ಪಟ್ಟಿಯ ಜಾಗದಲ್ಲಿ ಅದನ್ನು ಸೇರಿಸಲು ಹೇಳಿ.